ಸಣ್ಣ ಕಾರಿಗೆ ಎಷ್ಟು ಪವರ್ ಬೇಕು?

ಫ್ಯುಯೆಲ್ ಸೆಲ್ ಅಂದ ಕೂಡಲೇ ದೊಡ್ಡ ಕಾರು, ದೊಡ್ಡ ದುಡ್ಡು ಅಂದ್ಕೋತೀವಿ. ಇಲ್ಲೇ ವೇಲ್ಸ್‌ನ ರಿವರ್‌ಸಿಂಪಲ್ ಕಂಪನಿ 2016ರಲ್ಲಿ ತೋರಿಸಿದ ಎರಡು ಸೀಟಿನ 'ರಾಸಾ' ನೋಡಿ. ತೂಕ 580 ಕೆ.ಜಿ., ಫ್ಯುಯೆಲ್ ಸೆಲ್ ಬರೀ 8.5 ಕಿಲೋವ್ಯಾಟ್! ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕ ಸೇರಿ ಕರೆಂಟ್ ಆಗುತ್ತೆ, ಹೊರಗೆ ಬರೋದು ನೀರು. ಒಂದೇ ವೇಗದಲ್ಲಿ ಓಡೋಕೆ ಅಷ್ಟು ಸಾಕು. ಜೋರಾಗಿ ಆಕ್ಸಲರೇಟರ್ ಒತ್ತಿದಾಗ ಬೇಕಾದ ಹೆಚ್ಚಿನ ಶಕ್ತಿ ಸೂಪರ್ ಕೆಪಾಸಿಟರ್‌ನಿಂದ ಬರುತ್ತೆ. ಬ್ರೇಕ್ ಹಾಕಿದಾಗ ಅದು ಮತ್ತೆ ತುಂಬಿಕೊಳ್ಳುತ್ತೆ. ಒಂದೂವರೆ ಕೆ.ಜಿ. ಹೈಡ್ರೋಜನ್‌ಗೆ ಸುಮಾರು 300 ಮೈಲಿ ಅಂತ ಕಂಪನಿಯ ಲೆಕ್ಕ.

ರಾತ್ರಿ ಮನೆ ಮುಂದೆ ಚಾರ್ಜ್‌ಗೆ ಹಾಕೋಕೆ ಜಾಗವಿಲ್ಲದ ನಮ್ಮಂಥ ಬಾಡಿಗೆ ಮನೆಯವರಿಗೆ ಇದೇ ಸರಿ. ಆದರೆ ತುಂಬಿಸೋದೆಲ್ಲಿ? 2022ರಲ್ಲಿ ಈ ದೇಶದಲ್ಲಿ ಇದ್ದ ಬೆರಳೆಣಿಕೆಯ ಹೈಡ್ರೋಜನ್ ಬಂಕ್‌ಗಳಲ್ಲೇ ಮೂರು ಮುಚ್ಚಿದವು. ಅಲ್ಲೀವರೆಗೆ ನಂದು ಹಳೇ ಪೆಟ್ರೋಲ್ ಕಾರೇ ಸ್ವಾಮಿ!