ಮಸೀದಿಯಲ್ಲಿ ಬೆಳೆಯುತ್ತಿರುವ ಕುರ್ಚಿಗಳ ಸಾಲು
(ಜಮಾಅತಿನ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರದೆಯ ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ಪರದೆ ಎಂದಾಕ್ಷಣ ನಮ್ಮಲ್ಲಿ ಮಹಿಳೆಯರ ಉಡುಪಿನ ಚರ್ಚೆ ಆರಂಭವಾಗುತ್ತದೆ. ನಾನು ಹೇಳಲಿರುವುದು ಅಂಗೈಯಗಲದ ಇನ್ನೊಂದು ಪರದೆಯ ಬಗ್ಗೆ. ಅದರ ವಿಷಯದಲ್ಲಿ ಸ್ತ್ರೀ ಪುರುಷರೆಂಬ ಭೇದವಿಲ್ಲ. ಮಕ್ಕಳನ್ನು ಇಂದು ಬಿಟ್ಟುಬಿಡೋಣ. ಅವರನ್ನು ಗದರಿಸಲು ಮನೆಯಲ್ಲಿ ನಾವಿದ್ದೇವೆ, ನಮ್ಮನ್ನು ಗದರಿಸುವವರು ಯಾರೂ ಇಲ್ಲ.

ನನ್ನ ಬಾಲ್ಯದಲ್ಲಿ ನಮ್ಮ ಮಸೀದಿಯ ಮೂಲೆಯಲ್ಲಿ ಒಂದೇ ಒಂದು ಕುರ್ಚಿಯಿತ್ತು. ಎಂಬತ್ತು ದಾಟಿದ ಹಿರಿಯರೊಬ್ಬರು ಅದರಲ್ಲಿ ಕುಳಿತು ನಮಾಝ್ ನಿರ್ವಹಿಸುತ್ತಿದ್ದರು. ಇಂದು ಅಲ್ಲಿ ಕುರ್ಚಿಗಳ ಸಾಲೇ ಇದೆ. ಅದರಲ್ಲಿ ನಲ್ವತ್ತೈದರ ಹರೆಯದವರೂ ಇದ್ದಾರೆ. ನಿಲ್ಲಲಾಗದವನು ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನು ಶರೀಅತ್ ನೀಡಿದೆ, ಅದನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಅವರಲ್ಲಿ ಅಪಘಾತಕ್ಕೀಡಾದವರಿರಬಹುದು, ಸಂಧಿವಾತದಿಂದ ನರಳುವವರಿರಬಹುದು. ಆದರೆ ಮೂರು ನಿಮಿಷದ ನಡಿಗೆಯ ದೂರದ ಮಸೀದಿಗೆ ಬೈಕೇರಿ ಬಂದು, ಹಗಲಿಡೀ ಅಂಗಡಿಯ ಗಲ್ಲಾದ ಹಿಂದೆ ಕುಳಿತು, ರಾತ್ರಿ ಹನ್ನೆರಡರವರೆಗೆ ಸೋಫಾದಲ್ಲಿ ಮೊಬೈಲ್ ಹಿಡಿದಿದ್ದವನ ಮಂಡಿಗಳು ನಾಳೆ ಸುಜೂದ್‌ಗೆ ಬಾಗಲು ನಿರಾಕರಿಸಿದರೆ ಅದರ ಹೊಣೆ ಯಾರದು? ಮಸೀದಿಯ ಕಡೆಗಿಡುವ ಪ್ರತಿ ಹೆಜ್ಜೆಗೂ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ನಾವು ಆ ಹೆಜ್ಜೆಗಳನ್ನು ಪೆಟ್ರೋಲಿಗೆ ಮಾರಿಬಿಟ್ಟೆವು.

1953ರಲ್ಲಿ ಬ್ರಿಟನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಚಾಲಕ ಮತ್ತು ನಿರ್ವಾಹಕ ದುಡಿಯುವುದು ಒಂದೇ ಬಸ್ಸಿನಲ್ಲಿ. ಒಬ್ಬನು ದಿನವಿಡೀ ಕುಳಿತಿರುತ್ತಾನೆ, ಇನ್ನೊಬ್ಬನು ಟಿಕೆಟಿಗಾಗಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ನಿರ್ವಾಹಕರಿಗಿಂತ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಅಂದು ಕುಳಿತಿರುವುದು ಚಾಲಕನ ಕಸುಬಾಗಿತ್ತು, ಇಂದು ನಮ್ಮ ವಿಶ್ರಾಂತಿಯೂ ಅದೇ ಆಗಿದೆ. 2016ರಲ್ಲಿ ಇಂಟರ್‌ನೆಟ್ ದರ ಕುಸಿದ ಬಳಿಕವಂತೂ ಪರದೆಗೆ ಮಿತಿಯೇ ಇಲ್ಲವಾಯಿತು. ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನವು ಅಂದಾಜಿಸಿತು. ಅದಕ್ಕೆ ಆಹಾರವೂ ಕಾರಣ, ವಂಶವೂ ಕಾರಣ. ಕುಳಿತಲ್ಲೇ ಕಳೆಯುವ ಬದುಕೂ ಕಾರಣ.

ಕಾಯಿಲೆಯೊಂದೇ ನಷ್ಟವಲ್ಲ. ಇತ್ತೀಚೆಗೆ ಒಂದು ಮನೆಗೆ ರೋಗಿಯ ಸಂದರ್ಶನಕ್ಕೆ ಹೋಗಿದ್ದೆ. ಮಂಚದ ಸುತ್ತ ಐವರಿದ್ದೆವು. ಸಲಾಮ್ ಆಯಿತು, ದುಆ ಆಯಿತು, ಬಳಿಕ ಒಬ್ಬೊಬ್ಬರಾಗಿ ಮೊಬೈಲ್ ತೆಗೆದರು. ನಾನೂ ತೆಗೆದೆ. ಸ್ವಲ್ಪ ಹೊತ್ತಿನ ಬಳಿಕ ಆ ವೃದ್ಧರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಸಂದರ್ಶನದ ಪುಣ್ಯ ನಮಗೆ ಸಿಕ್ಕಿತೋ ಇಲ್ಲವೋ ಅಲ್ಲಾಹನೇ ಬಲ್ಲ.

ಇನ್ನೊಂದು ರೋಗವಿದೆ, ಅದನ್ನು ನಾವು ಸಮುದಾಯ ಸೇವೆಯೆಂದು ತಿಳಿದಿದ್ದೇವೆ. ಇಶಾದ ಬಳಿಕ ಟಿವಿಯ ಚರ್ಚೆ, ಅದು ಮುಗಿದರೆ ದ್ವೇಷ ಭಾಷಣದ ವೀಡಿಯೋ, ನಂತರ ಅದಕ್ಕೆ ನೀಡಿದ ಉತ್ತರದ ವೀಡಿಯೋ. ರಕ್ತ ಕುದಿಯುತ್ತದೆ, ಹತ್ತು ಗುಂಪುಗಳಿಗೆ ರವಾನಿಸುತ್ತೇವೆ, ನಿದ್ದೆ ಕೆಡುತ್ತದೆ, ಫಜ್ರ್ ತಪ್ಪುತ್ತದೆ. ಅನ್ಯಾಯವನ್ನು ಅರಿಯಬೇಡಿ ಎಂದು ಪತ್ರಕರ್ತನಾದ ನಾನು ಹೇಳಲಾರೆ. ಆದರೆ ಮತದಾರರ ಪಟ್ಟಿಯಲ್ಲಿ ನೆರೆಮನೆಯವನ ಹೆಸರಿದೆಯೇ ಎಂದು ನೋಡಲು ಎದ್ದು ಹೋಗದವನು ಮೂರು ತಾಸು ಕುಳಿತು ಕೋಪಿಸಿಕೊಂಡರೆ ಅನ್ಯಾಯಗಾರನಿಗೇನು ನಷ್ಟ? ಇಶಾದ ಬಳಿಕದ ಹರಟೆಯನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ.

ಈಗ ಸಹೋದರಿಯರ ವಿಷಯಕ್ಕೆ ಬರುತ್ತೇನೆ. ವಯಸ್ಕನಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಅಥವಾ ಅಷ್ಟೇ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟೂ ಮಾಡದವರು ಭಾರತದಲ್ಲಿ 2022ರ ಅಂದಾಜಿನಂತೆ ಪುರುಷರಲ್ಲಿ ಶೇ. 42, ಮಹಿಳೆಯರಲ್ಲಿ ಶೇ. 57. ಈ ಅಂತರಕ್ಕೆ ಮೊಬೈಲನ್ನು ದೂರಿದರೆ ಅದು ನಮ್ಮ ಆತ್ಮವಂಚನೆಯಾದೀತು. ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಂದಿರು ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಕುಳಿತೇ ಸಂಸಾರವನ್ನು ಸಾಕಿದರು. ಅವರ ಸೊಂಟ ನೋವಿಗೆ ಯಾವ ಪರದೆ ಕಾರಣ? ವೈದ್ಯರು ನಡೆಯಿರಿ ಎನ್ನುತ್ತಾರೆ. ಎಲ್ಲಿ ನಡೆಯಬೇಕು? ನಮ್ಮ ಕೇರಿಗಳಲ್ಲಿ ಕಾಲುದಾರಿಯಿಲ್ಲ, ಉದ್ಯಾನವಿಲ್ಲ. ಪುರಸಭೆಯನ್ನು ನಾವು ಕೇಳಲೂ ಇಲ್ಲ. ರಸ್ತೆಗಿಳಿದರೆ ಜನರೇನೆಂದಾರು ಎಂಬ ಅಂಜಿಕೆ ಬೇರೆ. ಗಂಡ ಗೆಳೆಯರೊಂದಿಗೆ ಪೇಟೆಗೆ ಹೋಗುತ್ತಾನೆ, ಹೆಂಡತಿಯ ಕೈಯಲ್ಲಿ ಉಳಿಯುವುದು ಮೊಬೈಲ್. ಬಳಿಕ ಅವಳು ಸದಾ ಮೊಬೈಲಿನಲ್ಲಿರುತ್ತಾಳೆಂದು ದೂರುವವನೂ ಅವನೇ.

ಪ್ರವಾದಿವರ್ಯರು(ಸ) ಹ. ಆಯಿಶಾರೊಂದಿಗೆ(ರ) ಪ್ರಯಾಣದ ನಡುವೆ ಓಟದ ಸ್ಪರ್ಧೆ ನಡೆಸಿದ ಘಟನೆ ಅಬೂದಾವೂದ್‌ನಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು, ಮೈ ತುಂಬಿಕೊಂಡ ಬಳಿಕ ಇನ್ನೊಮ್ಮೆ ಓಡಿದಾಗ ಸೋತರು. ನಾವು ಈ ಘಟನೆಯನ್ನು ದಾಂಪತ್ಯದ ಮಾಧುರ್ಯಕ್ಕೆ ಉದಾಹರಣೆಯಾಗಿ ಹೇಳಿ ಮುಗಿಸುತ್ತೇವೆ. ಆ ಸಮಾಜದಲ್ಲಿ ಮಹಿಳೆಗೆ ಓಡುವಷ್ಟು ಜಾಗವಿತ್ತು ಎಂಬುದನ್ನು ಮರೆಯುತ್ತೇವೆ.

ಅಧ್ಯಕ್ಷರೇ, ನನ್ನದೊಂದು ಬೇಡಿಕೆಯಿದೆ. ಮಸೀದಿಯ ಹಿಂದೆ ಮದ್ರಸದ ಮೈದಾನವಿದೆ, ಸುತ್ತಲೂ ಗೋಡೆಯಿದೆ. ಅಸರ್‌ನಿಂದ ಮಗ್ರಿಬ್‌ನವರೆಗೆ ಅದು ಖಾಲಿಯಿರುತ್ತದೆ. ಆ ಹೊತ್ತು ಅದನ್ನು ಮಹಿಳೆಯರಿಗೆ ನಡೆದಾಡಲು ಬಿಟ್ಟುಕೊಡಿ. ಕೆಲವರು ಆಕ್ಷೇಪಿಸುವರೆಂದು ಬಲ್ಲೆ, ಇಲ್ಲೇ ಎದುರಿನ ಸಾಲಿನಲ್ಲಿ ಕೆಲವರ ಹುಬ್ಬುಗಳು ಮೇಲೇರಿದ್ದೂ ಕಾಣುತ್ತಿದೆ. ಅವರ ಆಕ್ಷೇಪವನ್ನೂ ಆಲಿಸೋಣ. ಬೀಗದ ಕೈ ಯಾರ ಬಳಿಯಿರಬೇಕು, ದೀಪದ ಖರ್ಚೇನು ಎಂಬುದನ್ನು ಸಹೋದರಿಯರೊಂದಿಗೇ ಕುಳಿತು ನಿರ್ಧರಿಸೋಣ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಕೋರುವ ಮನವಿಯನ್ನು ಬರೆದು ತಂದಿದ್ದೇನೆ. ಸಭೆ ಮುಗಿದ ಬಳಿಕ ಸಹಿ ಹಾಕಲು ಇಚ್ಛಿಸುವವರಿಗಾಗಿ ಅದು ಬಾಗಿಲ ಬಳಿಯ ಮೇಜಿನ ಮೇಲಿರುತ್ತದೆ.