ಅರ ಹಿಡಿದ ಕೈ, ಗುರಿ ಹಿಡಿದ ಕಣ್ಣು: ಮ್ಯಾಲ್ಕಮ್ ಕೂಪರ್ ನೆನಪು



ಸಣ್ಣ ಕಾರ್ಖಾನೆ ನಡೆಸಿ ಬಾಳಿದ ಹಿರಿಯರೊಬ್ಬರ ಹೆಸರಿನಲ್ಲಿ ಇಟ್ಟ ದತ್ತಿಯ ಉಪನ್ಯಾಸ ಇದು. ಹಾಗಾಗಿ ಇಂದಿನ ಮಾತಿಗೂ ಅಂಥ ಒಬ್ಬರನ್ನೇ ಆರಿಸಿಕೊಂಡಿದ್ದೇನೆ. ಇಂಗ್ಲೆಂಡಿನ ಮ್ಯಾಲ್ಕಮ್ ಕೂಪರ್ ಎರಡು ಒಲಿಂಪಿಕ್ ಚಿನ್ನ ಗೆದ್ದ ರೈಫಲ್ ಶೂಟರ್. ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ ರೈಫಲ್ ತಯಾರಿಸುವ ಸಣ್ಣ ಕಂಪನಿಯನ್ನು ಕಟ್ಟಿದವರೂ ಅವರೇ. ಕ್ರೀಡೆಯ ಪುಸ್ತಕಗಳು ಪದಕದ ಲೆಕ್ಕ ಬರೆದು ಮುಗಿಸುತ್ತವೆ, ಆಯುಧಗಳ ಪುಸ್ತಕಗಳು ಕಂಪನಿಯ ಹೆಸರು ಬರೆದು ಮುಗಿಸುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದ ಹೊರತು ಕೂಪರ್ ನಮಗೆ ಸಿಗುವುದಿಲ್ಲ ಎಂಬುದು ನನ್ನ ನಂಬಿಕೆ.

ಅವರು ಹುಟ್ಟಿದ್ದು 1947ರ ಡಿಸೆಂಬರ್ 20ರಂದು, ಸರ್ರೆ ಸೀಮೆಯ ಕ್ಯಾಂಬರ್ಲಿಯಲ್ಲಿ. ಬಂದೂಕು ಹಿಡಿಯಲು ಕಲಿತದ್ದು ನ್ಯೂಜಿಲೆಂಡಿನಲ್ಲಿ, ಶಾಲೆಯ ದಿನಗಳಲ್ಲಿ.

ಅವರ ಸ್ಪರ್ಧೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅಲ್ಲಿ ಏನೂ ನಡೆಯುವುದಿಲ್ಲ. ಗುರಿ ಇರುವುದು 50 ಮೀಟರ್ ದೂರದಲ್ಲಿ. ಅವರ ಕಾಲದಲ್ಲಿ ಮಲಗಿ 40, ನಿಂತು 40, ಮಂಡಿಯೂರಿ 40, ಒಟ್ಟು 120 ಗುಂಡು ಹಾರಿಸಬೇಕಿತ್ತು; ಪೂರ್ಣಾಂಕ 1200. ಹತ್ತು ಅಂಕದ ನಡುವೃತ್ತದ ಅಗಲ ಇಂದಿನ ನಿಯಮದಂತೆ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಮಲಗಿದವನಿಗೆ ನೆಲದ ಆಸರೆ ಉಂಟು. ಮಂಡಿಯೂರಿದವನಿಗೆ ಅದರಲ್ಲಿ ಅರ್ಧ. ನಿಂತವನಿಗೆ ತನ್ನ ಎಲುಬೇ ಆಸರೆ. ಎಷ್ಟು ಬಿಗಿಹಿಡಿದರೂ ದೇಹ ಅಲುಗುತ್ತದೆ, ಎದೆಬಡಿತ ನಳಿಗೆಯ ತುದಿಯಲ್ಲಿ ಕಾಣುತ್ತದೆ. ಅಲುಗಾಟ ನಿಲ್ಲಲೆಂದು ಕಾದವನ ಉಸಿರು ಕೆಡುತ್ತದೆ, ಕಣ್ಣು ದಣಿಯುತ್ತದೆ. ಆ ಅಲುಗಾಟದ ಲಯವನ್ನು ಒಪ್ಪಿಕೊಂಡು ಬೆರಳಿಗೆ ಕೆಲಸ ಕೊಡುವವನು ಶೂಟರ್. ಇದನ್ನು ಗಂಟೆಗಟ್ಟಲೆ ಮಾಡುತ್ತಲೇ ಇರಬೇಕು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೂಪರ್ 1173 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಎರಡನೆಯವರಾದ ಸ್ವಿಟ್ಜರ್ಲೆಂಡಿನ ಡೇನಿಯಲ್ ನಿಪ್ಕೋವ್ ಗಳಿಸಿದ್ದು 1163. ಒಂದೆರಡು ಅಂಕಗಳಲ್ಲಿ ಪದಕ ಕೈತಪ್ಪುವ ಈ ಆಟದಲ್ಲಿ ಹತ್ತು ಅಂಕದ ಅಂತರವೆಂದರೆ ಉಳಿದವರು ಬೇರೆಯೇ ಸ್ಪರ್ಧೆಯಲ್ಲಿ ಇದ್ದಂತೆ. ಎರಡು ವರ್ಷದ ಮೇಲೆ ಪೂರ್ವ ಜರ್ಮನಿಯ ಸೂಲ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟವೂ ಬಂತು.

ನನಗೆ ಹೆಚ್ಚು ಪ್ರಿಯವಾದದ್ದು 1988ರ ಸೋಲ್ ಒಲಿಂಪಿಕ್ಸ್. ಸ್ಪರ್ಧೆಗೆ ಮುನ್ನ ಅವರ ರೈಫಲ್‌ಗೆ ಪೆಟ್ಟಾಯಿತು. ರಿಪೇರಿ ಮಾಡಿಕೊಂಡೇ ಕಣಕ್ಕಿಳಿದರು. ಪದಕ ನಿರ್ಧರಿಸಲು ಕೊನೆಯ ಹತ್ತು ಗುಂಡುಗಳ ಫೈನಲ್ ಪದ್ಧತಿ ಒಲಿಂಪಿಕ್ಸ್‌ಗೆ ಬಂದದ್ದು ಆ ವರ್ಷವೇ. ಅರ್ಹತಾ ಸುತ್ತಿನಲ್ಲಿ ತಮ್ಮದೇ ತಂಡದ ಅಲಿಸ್ಟರ್ ಅಲನ್ 1181 ಗಳಿಸಿ ಮುಂದಿದ್ದರು, ಕೂಪರ್ 1180. ಫೈನಲ್ ಮುಗಿದಾಗ ಕೂಪರ್ 1279.3, ಅಲನ್ 1275.6. ಮೂರು ಭಂಗಿಗಳ ಈ ಸ್ಪರ್ಧೆಯಲ್ಲಿ ಸತತ ಎರಡು ಒಲಿಂಪಿಕ್ಸ್ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ಪೆಟ್ಟು ತಿಂದ ರೈಫಲ್ ಮೇಲೆ ಮತ್ತೆ ಭರವಸೆ ಇಡುವುದು ಎಷ್ಟು ಕಷ್ಟವೆಂದು ಯಾವ ಶೂಟರನ್ನಾದರೂ ಕೇಳಿ. ಅದರ ಒಳಗನ್ನು ಬಲ್ಲವರಿಗೆ ಮಾತ್ರ ಆ ಭರವಸೆ ಸಾಧ್ಯ. ಕೂಪರ್ ಬಲ್ಲವರಾಗಿದ್ದರು.

ಇಲ್ಲಿಂದ ಕಾರ್ಖಾನೆಗೆ ಬರೋಣ. 1978ರಲ್ಲಿ ಅವರು, ಪತ್ನಿ ಸಾರಾ ಮತ್ತು ಕೆಲವು ಗೆಳೆಯರು ಸೇರಿ ‘ಆಕ್ಯುರಸಿ ಇಂಟರ್‌ನ್ಯಾಷನಲ್’ ಆರಂಭಿಸಿದರು. ಎಲ್ಲರೂ ಸ್ಪರ್ಧೆಗಳಲ್ಲಿ ಗುಂಡು ಹಾರಿಸಿದವರೇ. ಹಳೆಯ ರೈಫಲ್‌ಗಳ ಲೋಹದ ಭಾಗ ಕೂರುತ್ತಿದ್ದುದು ಮರದ ಮೇಲೆ. ಮರ ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಿನ್ನೆ ನಡುವೃತ್ತಕ್ಕೆ ಬಿದ್ದ ಗುಂಡು ಇಂದು ಪಕ್ಕಕ್ಕೆ ಸರಿಯುತ್ತದೆ. ತಪ್ಪು ಕೈಯದೋ ಮರದ್ದೋ ಗೊತ್ತಾಗದೆ ಒದ್ದಾಡಿದವರಿಗೇ ಇದರ ಸಂಕಟ ಗೊತ್ತು. ಇವರು ಒಳಗೆ ಅಲ್ಯೂಮಿನಿಯಂ ಚೌಕಟ್ಟು ಇಟ್ಟು, ರೈಫಲ್‌ನ ಲೋಹವನ್ನು ಅದಕ್ಕೇ ಬೋಲ್ಟ್ ಹಾಕಿ ಅಂಟಿನಿಂದ ಬಿಗಿದರು. ಹೊರಗೆ ಕಾಣುವ ಪ್ಲಾಸ್ಟಿಕ್ ಹಿಡಿಕೆ ಬರೀ ಹೊದಿಕೆ, ಅದರ ಮೇಲೆ ಯಾವ ಭಾರವೂ ಇಲ್ಲ. ನೋಡಲು ಸೊಗಸಿಲ್ಲದ ಈ ರೈಫಲ್, ಸೇನೆಯ ಪರೀಕ್ಷೆಯಲ್ಲಿ ಪಾರ್ಕರ್ ಹೇಲ್‌ನಂಥ ಹಳೆಯ ಬಂದೂಕು ಕಂಪನಿಯನ್ನು ಹಿಂದಿಕ್ಕಿತು. 1980ರ ದಶಕದಲ್ಲಿ ಬ್ರಿಟಿಷ್ ಸೇನೆ ಇದನ್ನು ಎಲ್96ಎ1 ಎಂಬ ಹೆಸರಿನಲ್ಲಿ ತೆಗೆದುಕೊಂಡಿತು. ಕೊರೆಯುವ ಚಳಿಗೆಂದು ಸುಧಾರಿಸಿದ ಇನ್ನೊಂದು ಮಾದರಿಯನ್ನು ಸ್ವೀಡನ್ ಕೊಂಡಿತು.

ದೊಡ್ಡ ಕಂಪನಿಗಳಿಗೆ ಆಗದ್ದು ಈ ಚಿಕ್ಕ ಗುಂಪಿಗೆ ಹೇಗೆ ಆಯಿತು? ಬಳಸುವವನೂ ಮಾಡುವವನೂ ಒಬ್ಬನೇ ಆಗಿದ್ದ. ರೇಂಜಿನಲ್ಲಿ ಎದ್ದ ಅನುಮಾನಕ್ಕೆ ಲೇತ್ ಮುಂದೆ ಉತ್ತರ ಹುಡುಕಬಹುದಿತ್ತು, ಲೇತ್ ಕೊಟ್ಟ ಉತ್ತರವನ್ನು ಗುರಿಹಲಗೆಯ ಮೇಲೆ ಪರೀಕ್ಷಿಸಬಹುದಿತ್ತು. ನಮ್ಮ ಸಣ್ಣ ವರ್ಕ್‌ಶಾಪುಗಳಲ್ಲಿ ಬದುಕು ಸವೆಸಿದವರಿಗೆ ಈ ಮಾತನ್ನು ನಾನು ವಿವರಿಸಬೇಕಿಲ್ಲ.

ಒಂದು ಮಾತನ್ನು ನುಂಗಿಕೊಂಡು ಮುಂದೆ ಹೋಗಲಾರೆ. ಕಾಗದದ ಮೇಲಿನ ವೃತ್ತಕ್ಕಾಗಿ ಬೆಳೆದ ಈ ವಿದ್ಯೆ ಮನುಷ್ಯರನ್ನು ಕೊಲ್ಲಲೂ ಬಳಕೆಯಾಯಿತು. 2009ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಬ್ರಿಟಿಷ್ ಸೈನಿಕನೊಬ್ಬ 2,475 ಮೀಟರ್ ದೂರದಿಂದ ಇಬ್ಬರನ್ನು ಕೊಂದದ್ದು ಈ ಕಂಪನಿಯ ರೈಫಲ್‌ನಿಂದಲೇ. ಅದನ್ನು ‘ದಾಖಲೆ’ ಎಂದು ಕರೆದದ್ದು ನನಗೆ ನೋವು ತರುತ್ತದೆ. ಒಲಿಂಪಿಕ್ಸ್‌ನ 1173 ಒಂದು ದಾಖಲೆ. ಇದನ್ನು ಅದೇ ಪದದಿಂದ ಕರೆಯಲು ನನ್ನಿಂದಾಗದು. ಆಗ ಕೂಪರ್ ಬದುಕಿರಲಿಲ್ಲ ಎಂಬುದು ಉತ್ತರವಾಗಲಾರದು, ಸೇನೆಗೆ ರೈಫಲ್ ಮಾರಿದ್ದು ಅವರ ಕಾಲದಲ್ಲೇ. ಅವರ ಮೇಲಿನ ನನ್ನ ಗೌರವ ಈ ನೋವಿನಿಂದ ಕರಗುವುದಿಲ್ಲ. ಆದರೆ ಆ ಗೌರವದ ಮರೆಯಲ್ಲಿ ನೋವನ್ನು ಬಚ್ಚಿಡುವುದೂ ಬೇಡ.

ಸಾರಾ ಕೂಪರ್ ಬಗ್ಗೆ ಬರೆದವರು ಕಡಿಮೆ. ಸೋಲ್‌ನಲ್ಲಿ ಅವರೂ ಬ್ರಿಟನ್ ಪರವಾಗಿ ರೈಫಲ್ ಹಿಡಿದಿದ್ದರು. ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು. ಸ್ಪರ್ಧೆ, ಸಂಸಾರ, ವ್ಯಾಪಾರ ಮೂರರಲ್ಲೂ ಜೊತೆಯಾಗಿದ್ದ ಇಬ್ಬರಲ್ಲಿ ಒಬ್ಬರ ಹೆಸರಷ್ಟೇ ಚರಿತ್ರೆಗೆ ಸೇರಿದ್ದು ಅನ್ಯಾಯ. ಈ ಉಪನ್ಯಾಸ ಪುಸ್ತಿಕೆಯಾಗುವಾಗ ಎರಡೂ ಹೆಸರು ಇರಲಿ ಎಂದು ಪ್ರಕಾಶಕರಲ್ಲಿ ಕೇಳಿಕೊಂಡಿದ್ದೇನೆ.

2001ರ ಜೂನ್ 9ರಂದು ಕ್ಯಾನ್ಸರ್‌ನಿಂದ ಕೂಪರ್ ತೀರಿಕೊಂಡರು, ವಯಸ್ಸು 53. ನಾಲ್ಕು ವರ್ಷಗಳ ನಂತರ, 2005ರಲ್ಲಿ, ಕಂಪನಿ ದಿವಾಳಿಯಾಯಿತು. ಅದನ್ನು ಕೊಂಡು ಮತ್ತೆ ನಿಲ್ಲಿಸಿದವರಲ್ಲಿ ಮೊದಲ ರೈಫಲ್ ರೂಪಿಸಿದ ಹಳೆಯ ಜೊತೆಗಾರರೂ ಇದ್ದರು. ಪೋರ್ಟ್ಸ್‌ಮತ್‌ನಲ್ಲಿ ಕೆಲಸ ಮುಂದುವರಿಯಿತು.