ರಕ್ತ ತೆಳುಮಾಡುವ ಔಷಧಿ ಮತ್ತು ಕರುಳಿನ ಕ್ಯಾನ್ಸರ್



ದೊಡ್ಡ ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬರುವ ರೋಗಿಗೆ ವೈದ್ಯರು ಹಲವು ಬಾರಿ ಹೆಪಾರಿನ್ ಜಾತಿಯ ಇಂಜೆಕ್ಷನ್ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ವಾರ, ದಿನವೂ ಹೊಟ್ಟೆಯ ಚರ್ಮದಡಿ ಚುಚ್ಚಬೇಕು. ಮನೆಯವರು ಕೇಳುತ್ತಾರೆ: ಇದರಿಂದ ಕ್ಯಾನ್ಸರ್ ಮತ್ತೆ ಬರುವುದಿಲ್ಲವೇ? ಆಯುಸ್ಸು ಹೆಚ್ಚುತ್ತದೆಯೇ?

ಹೀಗೆ ಆಶಿಸಲು ಕಾರಣವಿತ್ತು. ರಕ್ತಕ್ಕೆ ಸೇರಿದ ಕ್ಯಾನ್ಸರ್ ಕೋಶಗಳನ್ನು ಪ್ಲೇಟ್‌ಲೆಟ್‌ಗಳು ಸುತ್ತುವರಿದು ದೇಹದ ರಕ್ಷಣಾ ಕೋಶಗಳಿಂದ ಮರೆಮಾಡುತ್ತವೆ. ರಕ್ತ ಹೆಪ್ಪುಗಟ್ಟುವುದನ್ನು ತಡೆದರೆ ರೋಗ ಹರಡುವುದೂ ನಿಲ್ಲಬಹುದೆಂದು ಸಂಶೋಧಕರು ಭಾವಿಸಿದರು. ಕೆನಡಾದಲ್ಲಿ 614 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಟಿಂಜಾಪ್ಯಾರಿನ್ ಎಂಬ ಹೆಪಾರಿನ್ ಅನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭಿಸಿ, ನಂತರ 56 ದಿನ ಕೊಟ್ಟರು. ಇನ್ನೊಂದಕ್ಕೆ ಆಸ್ಪತ್ರೆಯಲ್ಲಿದ್ದಷ್ಟು ದಿನ ಮಾತ್ರ. ಮೂರು ವರ್ಷ ರೋಗ ಮರುಕಳಿಸದೆ ಬದುಕಿದವರು ಮೊದಲನೆಯದರಲ್ಲಿ ಶೇ. 77, ಎರಡನೆಯದರಲ್ಲಿ ಶೇ. 79. ಅಂದರೆ ಲಾಭ ಕಾಣಲಿಲ್ಲ.

ಹಾಗಾದರೆ ಇಂಜೆಕ್ಷನ್ ಬೇಡವೆನ್ನಬೇಡಿ! ಕ್ಯಾನ್ಸರ್ ಇದ್ದವರಲ್ಲಿ, ಅದರಲ್ಲೂ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣವೇ ಹೋಗಬಹುದು. ಇಂಜೆಕ್ಷನ್ ಕೊಡುವುದು ಅದನ್ನು ತಡೆಯಲಿಕ್ಕೆ.

ನಮ್ಮವರಲ್ಲಿ ಇನ್ನೊಂದು ಸಂಕೋಚವಿದೆ. ಹೆಪಾರಿನ್ ಅನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆಂಬುದು ನಿಜ. ಇದನ್ನು ಕೇಳಿ ಯಾರಿಗೂ ಹೇಳದೆ ಇಂಜೆಕ್ಷನ್ ನಿಲ್ಲಿಸುವುದು ಅಪಾಯಕಾರಿ. ಪ್ರಾಣಾಪಾಯದ ಅನಿವಾರ್ಯತೆಗೆ ದೀನ್‌ನಲ್ಲಿ ರಿಯಾಯಿತಿ ಇದೆ, ಆಲಿಮರನ್ನು ಕೇಳಿ. ಪ್ರಾಣಿಮೂಲವಲ್ಲದ ಫೋಂಡಾಪ್ಯಾರಿನಕ್ಸ್ ಎಂಬ ಔಷಧಿಯೂ ಇದೆ. ಅದು ರೋಗಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಲು ನಾಚಿಕೆ ಬೇಡ.

ಆಸ್ಪಿರಿನ್ ಕಥೆ ಬೇರೆ. ಸ್ವೀಡನ್ ಮತ್ತು ನೆರೆಯ ದೇಶಗಳ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಗಡ್ಡೆಯಲ್ಲಿ ಪಿಐಕೆ3ಸಿಎ ಮುಂತಾದ ಕೆಲವು ಜೀನ್‌ಗಳ ಬದಲಾವಣೆ ಇದ್ದವರಿಗೆ ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, ರೋಗ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೆ ಜೀನ್ ನೋಡದೆ ಎಲ್ಲರಿಗೂ 200 ಮಿಲಿಗ್ರಾಂ ಕೊಟ್ಟ ಏಷ್ಯಾ-ಪೆಸಿಫಿಕ್ ಅಧ್ಯಯನದಲ್ಲಿ ಸ್ಪಷ್ಟ ಲಾಭ ಸಿಗಲಿಲ್ಲ. ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ, ಅಪರೂಪಕ್ಕೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಅಂಗಡಿಯಲ್ಲಿ ಸಿಗುತ್ತದೆಂದು ತಂದು ನುಂಗುವಂಥದ್ದಲ್ಲ.

ಹೃದಯಕ್ಕಾಗಿ ಮೊದಲೇ ಇಂಥ ಮಾತ್ರೆ ನುಂಗುತ್ತಿರುವವರು ಶಸ್ತ್ರಚಿಕಿತ್ಸೆಗೆ ಮುಂಚೆ ಅದನ್ನು ವೈದ್ಯರಿಗೆ ತಿಳಿಸಬೇಕು. ನಿಲ್ಲಿಸಬೇಕೇ, ನಿಲ್ಲಿಸಿದರೆ ಮತ್ತೆ ಯಾವ ದಿನ ಆರಂಭಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.